ಮಾವನ ಪದ್ಮಿನಿ, ಎರಡು ಎಂಜಿನ್: ಮನೆಯಲ್ಲೇ ರಿಪೇರಿಯಾದ ಕಾರುಗಳ ಚರಿತ್ರೆ

ವಿಡಿಯೊ ಉದ್ದ ಆಯ್ತು, ಆಫೀಸ್ ಕ್ಯಾಬ್‌ನಲ್ಲಿ ಕೂತು ಓದೋ ಹಾಗೆ ಬರೆದು ಹಾಕಿ ಅಂತ ತುಂಬ ಜನ ಕೇಳಿದ್ರಿ. ಅದಕ್ಕೇ ಈ ಬರಹ. ಮಾತಾಡುವಾಗ ಬಿಟ್ಟುಹೋದ ಒಂದೆರಡು ವಿಷಯಗಳನ್ನೂ ಇಲ್ಲಿ ಸೇರಿಸಿದ್ದೀನಿ.

ನನ್ನ ಸೋದರಮಾವ ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟಿದ್ದವರು. ಅವರ ಹತ್ರ 1979ರ ಪ್ರೀಮಿಯರ್ ಪದ್ಮಿನಿ ಇದೆ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಇವತ್ತಿಗೂ ಓಡ್ತದೆ. ಗಾಡಿಯ ಒಳಗಿರೋ ಎಂಜಿನ್ ಬೇರೆ ಕಾರಿಂದು. ಅದರ ಹುಟ್ಟು ಎಂಜಿನ್ ಹಿತ್ತಲ ಕೊಟ್ಟಿಗೆಯಲ್ಲಿ ಗೋಣಿಚೀಲ ಹೊದ್ದು ಮಲಗಿದೆ. ಈ ವರ್ಷ ಮತ್ತೆ ಆರ್‌ಸಿ ನವೀಕರಣ ಬಂತು. ಮಾವನ ಮಗ, ಅಂದ್ರೆ ನಮ್ಮ ಭಾವ, ಸ್ಕ್ರ್ಯಾಪ್‌ಗೆ ಕೊಟ್ಟುಬಿಡೋಣ ಅಂತಾನೆ. ನಾನು ಹಳೇ ಎಂಜಿನ್ ವಾಪಸ್ ಕೂರಿಸಿ ವಿಂಟೇಜ್ ಮಾಡಿಸೋಣ ಅಂತ ಹಟ ಹಿಡಿದಿದ್ದೆ. ಮಾವ ಮಾತ್ರ ಒಂದೇ ಮಾತು ಕೇಳಿದರು: "ಅಳಿಯಾ, ಗಾಡಿ ಓಡಾಕ ಬೇಕೋ, ನೋಡಾಕ ಬೇಕೋ?"

ಆ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದಾಗ ಸಿಕ್ಕ ಚರಿತ್ರೆ ಇದು. ನಮ್ಮ ದೇಶದಲ್ಲಿ ಕಾರನ್ನ ಬದಲಾಯಿಸೋದು ಶೋಕಿಯಾಗಿ ಶುರುವಾಗಿದ್ದಲ್ಲ. ಯಾಕೆ ಶುರುವಾಯ್ತು, ಯಾವಾಗ ಶೋಕಿಯಾಯ್ತು, ಯಾವಾಗ ತಪ್ಪಾಯ್ತು ಅನ್ನೋದನ್ನ ಒಂದೊಂದಾಗಿ ನೋಡೋಣ.

ಬೆಂಗಳೂರಲ್ಲಿ ಆಗಬೇಕಿದ್ದ ಕಾರ್ಖಾನೆ

ಪದ್ಮಿನಿ ಅಂದ್ರೆ ಮುಂಬೈ ಅಂತ ಎಲ್ರಿಗೂ ಗೊತ್ತು. ಆದ್ರೆ ಈ ಕಥೆಯ ಬೇರು ನಮ್ಮ ಕಡೆಗೂ ಚಾಚಿದೆ. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪ್, ಅಮೆರಿಕ ಸುತ್ತಿ ಅಲ್ಲಿನ ಮೋಟಾರು ಕಾರ್ಖಾನೆಗಳನ್ನ ನೋಡ್ಕೊಂಡು ಬಂದರು. ವಾಪಸ್ ಬಂದು ಭಾರತದಲ್ಲೇ ಕಾರು ತಯಾರಿಸೋದಕ್ಕೆ ಒಂದು ಯೋಜನೆ ಬರೆದರು. ಅವರ ಜತೆ ನಿಂತವರು ಉದ್ಯಮಿ ವಾಲ್‌ಚಂದ್ ಹೀರಾಚಂದ್. ಮೈಸೂರು ಸಂಸ್ಥಾನವನ್ನ ಸೇರಿಸ್ಕೊಂಡು ಬೆಂಗಳೂರಲ್ಲೇ ಕಾರ್ಖಾನೆ ಹಾಕೋ ಮಾತುಕತೆ ನಡೆಯಿತು. ಎರಡನೇ ಮಹಾಯುದ್ಧದ ಹೊತ್ತು. ಬ್ರಿಟಿಷ್ ಸರ್ಕಾರ ಅಡ್ಡ ಬಂತು, ಯೋಜನೆ ಮುರಿದುಬಿತ್ತು.

ಅದೇ ವಾಲ್‌ಚಂದ್ ಅದೇ ಮೈಸೂರು ಸರ್ಕಾರದ ಜತೆ ಸೇರಿ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಲ್ಲಿ ವಿಮಾನ ಕಂಪನಿ ಹಾಕಿದರು. ಅದೇ ಇವತ್ತಿನ ಎಚ್‌ಎಎಲ್. ಕಾರು ಬೇಡ ಅಂದವರು ಯುದ್ಧಕ್ಕೆ ಬೇಕಾಗಿದ್ದರಿಂದ ವಿಮಾನಕ್ಕೆ ಒಪ್ಪಿದರು. ಕಾರಿನ ಕನಸು ಮುಂಬೈಗೆ ಹೋಯ್ತು. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಹುಟ್ಟಿತು. ಕುರ್ಲಾ ಕಾರ್ಖಾನೆಯಲ್ಲಿ ಮೊದಲು ಅಮೆರಿಕದ ಕ್ರೈಸ್ಲರ್ ಬಳಗದ ಗಾಡಿಗಳನ್ನ ಜೋಡಿಸ್ತಿದ್ರು. 1950ರ ದಶಕದಲ್ಲಿ ಇಟಲಿಯ ಫಿಯಟ್ ಜತೆ ಒಪ್ಪಂದ ಆಯ್ತು.

ಪುಣೆ, ಮುಂಬೈ ಕಡೆ ಇರೋರು ಹಳಬರ ಬಾಯಲ್ಲಿ 'ಡುಕ್ಕರ್ ಫಿಯಟ್' ಅನ್ನೋ ಹೆಸರು ಕೇಳಿರಬಹುದು. ಡುಕ್ಕರ್ ಅಂದ್ರೆ ಮರಾಠಿಯಲ್ಲಿ ಹಂದಿ. 1950ರ ದಶಕದ ಗುಂಡುಗುಂಡಾದ ಫಿಯಟ್ 1100ಕ್ಕೆ ಜನ ಇಟ್ಟ ಹೆಸರು ಅದು. 1964ರಲ್ಲಿ 1100ಡಿ ಬಂತು. ಇಟಲಿಯಲ್ಲಿ ಈ ಮಾದರಿ 1962ರಿಂದ 1966ರವರೆಗೆ, ನಾಲ್ಕೇ ವರ್ಷ ಬಾಳಿತು. ನಮ್ಮಲ್ಲಿ ಅದೇ ಗಾಡಿ ಹೆಸರು ಬದಲಾಯಿಸ್ಕೊಂಡು ಮೊದಲು ಪ್ರೀಮಿಯರ್ ಪ್ರೆಸಿಡೆಂಟ್ ಆಯ್ತು, 1974ರಿಂದ ಪದ್ಮಿನಿ ಆಯ್ತು, 2000ದ ಆಸುಪಾಸಿನವರೆಗೂ ತಯಾರಾಯ್ತು.

ಮೂರು ಕಂಪನಿ, ಉದ್ದ ಕ್ಯೂ

ಹಾಗೆ ಯಾಕಾಯ್ತು? ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರ ಒಂದು ನಿಯಮ ಮಾಡ್ತು: ಬರೀ ಜೋಡಿಸಿ ಮಾರೋ ಹಾಗಿಲ್ಲ, ಬಿಡಿಭಾಗಗಳನ್ನ ಇಲ್ಲೇ ತಯಾರಿಸಬೇಕು. ಜನರಲ್ ಮೋಟಾರ್ಸ್, ಫೋರ್ಡ್ ಎರಡೂ 1954ರ ಹೊತ್ತಿಗೆ ಗಂಟುಮೂಟೆ ಕಟ್ಟಿದವು. ಕಾರು ಕೊಳ್ಳೋರಿಗೆ ಉಳಿದಿದ್ದು ಮೂರು ಮನೆ. ಕಲ್ಕತ್ತಾ ಹತ್ತಿರದ ಉತ್ತರಪಾರಾದ ಹಿಂದೂಸ್ತಾನ್ ಮೋಟಾರ್ಸ್ ಅಂಬಾಸಿಡರ್ ಮಾಡ್ತಿತ್ತು. ಮುಂಬೈಯ ಪ್ರೀಮಿಯರ್ ಫಿಯಟ್ ಮಾಡ್ತಿತ್ತು. ಮದ್ರಾಸಿನ ಸ್ಟಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಹೆರಾಲ್ಡ್ ಮಾಡ್ತಿತ್ತು.

ಎಷ್ಟು ಕಾರು ಮಾಡಬಹುದು ಅನ್ನೋದಕ್ಕೂ ಲೈಸೆನ್ಸ್. ಹಾಗಾಗಿ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಹೊಸ ಕಾರಿಗಿಂತ ತಕ್ಷಣ ಸಿಗೋ ಹಳೇ ಕಾರಿಗೆ ಜಾಸ್ತಿ ಬೆಲೆ ಬರ್ತಿದ್ದ ಕಾಲ ಅದು. ನಮ್ಮ ತಲೆಮಾರಿಗೆ ನಂಬೋದು ಕಷ್ಟ. ಶೋರೂಮ್‌ನಿಂದ ಹೊರಗೆ ತಂದ ಕ್ಷಣ ಬೆಲೆ ಇಳೀತದೆ ಅಂತ ಕೇಳಿ ಬೆಳೆದವರು ನಾವು.

ಇದರ ಪರಿಣಾಮ ಏನು ಅಂತ ಯೋಚಿಸಿ. ಇನ್ನೊಂದು ಕಾರು ಸಿಗಲ್ಲ ಅಂದ ಮೇಲೆ ಇರೋ ಕಾರನ್ನ ಸಾಯೋಕೆ ಬಿಡೋ ಹಾಗಿಲ್ಲ. ಕಂಪನಿ ಇಪ್ಪತ್ತು ವರ್ಷ ಒಂದೇ ಮಾದರಿ ಮಾಡ್ತಾ ಕೂತರೆ, ಸುಧಾರಣೆ ಮಾಡೋ ಕೆಲಸ ಮಾಲೀಕನ ತಲೆಗೆ ಬೀಳ್ತದೆ. ಅಪ್‌ಡೇಟ್ ಕೊಡದ ಸಾಫ್ಟ್‌ವೇರ್‌ಗೆ ಬಳಸೋರೇ ಪ್ಯಾಚ್ ಬರೆಯೋ ಹಾಗೆ. ಮನೆ ಮೆಕ್ಯಾನಿಕ್ ಅನ್ನೋ ಜಾತಿ ನಮ್ಮಲ್ಲಿ ಹುಟ್ಟಿದ್ದು ಇಲ್ಲಿಂದ.

ಒಳ್ಳೇದೂ ಒಂದಿತ್ತು. ಗಾಡಿ ಸರಳವಾಗಿತ್ತು. ಪದ್ಮಿನಿಯ ಎಂಜಿನ್ ನಾಲ್ಕು ಸಿಲಿಂಡರ್, 1089 ಸಿಸಿ. ಬೋರ್ 68 ಮಿಲಿಮೀಟರ್, ಸ್ಟ್ರೋಕ್ 75. ಒಂದು ಕಾರ್ಬ್ಯುರೇಟರ್, ಒಂದು ಡಿಸ್ಟ್ರಿಬ್ಯೂಟರ್, ಹಿಂದೆ ಎತ್ತಿನ ಗಾಡಿಗೆ ಹಾಕಿದ ಹಾಗೆ ಪಟ್ಟಿ ಸ್ಪ್ರಿಂಗ್. ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣ್ತದೆ, ಕೈಗೆ ಸಿಗ್ತದೆ. ನಾಲ್ಕೈದು ಪಾನಾ, ಒಂದು ಸ್ಕ್ರೂಡ್ರೈವರ್, ಒಂದು ಫೀಲರ್ ಗೇಜ್ ಇದ್ರೆ ಅರ್ಧ ಕೆಲಸ ಅಂಗಳದಲ್ಲೇ ಆಗ್ತಿತ್ತು.

ಎಲ್‌ಐಸಿ ಡೈರಿ ಹೇಳುವ ಚರಿತ್ರೆ

ನನ್ನ ಹತ್ರ ಇರೋ ಅತ್ಯಂತ ನಂಬಿಕಸ್ಥ ಆಕರ ಯಾವ ಪುಸ್ತಕವೂ ಅಲ್ಲ. ಮಾವನ ಎಲ್‌ಐಸಿ ಡೈರಿಗಳು. ಬೀಜದ ಲೆಕ್ಕದ ನಡುನಡುವೆ ಗಾಡಿಯ ಲೆಕ್ಕ. ಯಾವತ್ತು ಏನು ಬಿಚ್ಚಿದೆ, ಏನು ಹಾಕಿದೆ, ಎಷ್ಟು ಕಿಲೋಮೀಟರ್ ಓಡಿತ್ತು, ಎಷ್ಟು ಖರ್ಚಾಯ್ತು. ನಾವು ಕೋಡ್ ಬದಲಾಯಿಸಿದಾಗ ಬರೆಯೋ ಕಮಿಟ್ ಮೆಸೇಜಿಗಿಂತ ಇವೇ ಸ್ಪಷ್ಟವಾಗಿವೆ ಅಂತ ನಾಚಿಕೆ ಬಿಟ್ಟು ಹೇಳ್ತೀನಿ.

ಮೊದಲ ವರ್ಷಗಳ ಬರಹದಲ್ಲಿ ಪದೇ ಪದೇ ಬರೋ ಪದ 'ಪಾಯಿಂಟ್'. ಡಿಸ್ಟ್ರಿಬ್ಯೂಟರ್ ಒಳಗೆ ಎರಡು ಪುಟ್ಟ ಲೋಹದ ತುದಿಗಳು ಕೂಡೋದು, ಬಿಡೋದು ಮಾಡ್ತಾ ಸ್ಪಾರ್ಕ್ ಹುಟ್ಟಿಸ್ತವೆ. ಅವು ಸವೀತವೆ, ಕಪ್ಪಾಗ್ತವೆ. ಎಮರಿ ಕಾಗದದಲ್ಲಿ ಉಜ್ಜಿ ಗ್ಯಾಪ್ ಹೊಂದಿಸಬೇಕು. ದಾರಿಯಲ್ಲಿ ಫೀಲರ್ ಗೇಜ್ ಇಲ್ಲದಿದ್ರೆ ವಿಸಿಟಿಂಗ್ ಕಾರ್ಡ್ ತೂರಿಸಿ ಅಳೀತಿದ್ರು. ಕೊಟ್ಟಿಗೆಯ ಗೋಡೆ ಮೇಲೆ ಇವತ್ತಿಗೂ ಸುಣ್ಣದ ಪದರದ ಕೆಳಗೆ 1-3-4-2 ಅಂತ ಇದೆ. ಅದು ಫೈರಿಂಗ್ ಆರ್ಡರ್, ಯಾವ ಸಿಲಿಂಡರ್ ಆದ ಮೇಲೆ ಯಾವುದು ಉರೀಬೇಕು ಅನ್ನೋ ಲೆಕ್ಕ. ವೈರ್ ಅದಲುಬದಲಾದ್ರೆ ಗಾಡಿ ಕೆಮ್ಮುತ್ತೆ ಹೊರತು ಓಡಲ್ಲ. ಚಿಕ್ಕವನಿದ್ದಾಗ ನಾನು ಅದನ್ನ ಯಾವುದೋ ಫೋನ್ ನಂಬರಿನ ಕೊನೆ ಅಂತ ತಿಳ್ಕೊಂಡಿದ್ದೆ.

ಇನ್ನೊಂದು ಪದ 'ಒದ್ದೆ ಬಟ್ಟೆ'. ಪದ್ಮಿನಿಯ ಪೆಟ್ರೋಲ್ ಪಂಪ್ ಎಂಜಿನ್ನಿಗೇ ಅಂಟಿಕೊಂಡಿರ್ತದೆ. ಬೇಸಿಗೆಯಲ್ಲಿ ಘಾಟ್ ಹತ್ತುವಾಗ ಎಂಜಿನ್ ಶಾಖಕ್ಕೆ ಪೈಪಿನೊಳಗಿನ ಪೆಟ್ರೋಲ್ ಆವಿಯಾಗಿಬಿಡ್ತದೆ. ಪಂಪ್ ದ್ರವ ಎಳೀಬಲ್ಲದು, ಆವಿ ಎಳೀಲಾರದು. ಗಾಡಿ ನಿಂತುಬಿಡ್ತದೆ. ಪಂಪ್ ಮೇಲೆ ಒದ್ದೆ ಬಟ್ಟೆ ಸುತ್ತಿ ಅರ್ಧ ಗಂಟೆ ಕೂರೋದು ಅವತ್ತಿನ ಪರಿಹಾರ. ನಿಮ್ಮ ಮನೆಯಲ್ಲೂ ಹಳೇ ಫಿಯಟ್ ಇದ್ದಿದ್ರೆ ಘಾಟ್‌ನಲ್ಲಿ ಬಾನೆಟ್ ಎತ್ತಿ ನಿಂತ ನೆನಪು ಇದ್ದೇ ಇರ್ತದೆ.

ಮಾವನ ಮೊದಲ 'ಮಾಡಿಫಿಕೇಶನ್' ಇದಕ್ಕೇ. ಟ್ಯಾಂಕ್ ಹತ್ರ ಒಂದು ಎಲೆಕ್ಟ್ರಿಕ್ ಪಂಪ್ ಹಾಕಿಸಿದರು. ಪೆಟ್ರೋಲನ್ನ ಹಿಂದಿನಿಂದ ತಳ್ಳಿದ್ರೆ ಆವಿಯ ಕಾಟ ಕಡಿಮೆ. ಎರಡನೇದು ಡೈನಮೊ ತೆಗೆದು ಆಲ್ಟರ್ನೇಟರ್. ಡೈನಮೊ ನಿಧಾನಕ್ಕೆ ಓಡುವಾಗ ಸಾಕಷ್ಟು ಕರೆಂಟ್ ಕೊಡಲ್ಲ. ರಾತ್ರಿ ಹೆಡ್‌ಲೈಟ್ ಹಾಕ್ಕೊಂಡು ಊರೊಳಗೆ ನಿಂತು ನಿಂತು ಹೋದ್ರೆ ಬ್ಯಾಟರಿ ಖಾಲಿ. ಮೂರನೇದು ಗೇರು. ಮೂಲದಲ್ಲಿ ಸ್ಟೇರಿಂಗ್ ಕೆಳಗೆ ಕೈಗೇರು ಇತ್ತು. ಸರಳುಗಳು ಸವೆದ ಮೇಲೆ ಸಿಗ್ನಲ್‌ನಲ್ಲಿ ಎರಡು ಗೇರಿನ ನಡುವೆ ಸಿಕ್ಕಿಹಾಕ್ಕೊಳ್ತಿತ್ತು. ಅದನ್ನ ನೆಲದ ಗೇರಿಗೆ ಬದಲಾಯಿಸಿದರು. ಕೊನೆಕೊನೆಗೆ ಕಂಪನಿಯೇ ನೆಲದ ಗೇರು ಕೊಟ್ಟಿತು. ಅಷ್ಟು ಹೊತ್ತಿಗೆ ಮಿಸ್ತ್ರಿಗಳು ಊರೂರಲ್ಲಿ ಆ ಕೆಲಸ ಮಾಡಿ ಮುಗಿಸಿದ್ರು.

ಈ ಮೂರರಲ್ಲಿ ಒಂದೂ ವೇಗಕ್ಕಾಗಿ ಅಲ್ಲ, ಅಂದಕ್ಕಾಗಿಯೂ ಅಲ್ಲ. ಮನೆ ತಲುಪೋದಕ್ಕಾಗಿ.

ಡೀಸೆಲ್ ಆಸೆ

ಎರಡನೇ ಅಲೆ ದುಡ್ಡಿನದು. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ಬೆಲೆ ಏರಿತು. ಡೀಸೆಲನ್ನ ಲಾರಿ, ಬಸ್ಸು, ಪಂಪ್‌ಸೆಟ್ಟಿನ ಇಂಧನ ಅಂತ ಸರ್ಕಾರ ಅಗ್ಗವಾಗಿ ಇಟ್ಟಿತು. ಈ ಅಂತರ ದಶಕಗಳ ಕಾಲ ಉಳೀತು. ಡೀಸೆಲ್ ಬೆಲೆಯ ಮೇಲಿನ ಹಿಡಿತವನ್ನ ಸರ್ಕಾರ ಪೂರ್ತಿ ಬಿಟ್ಟಿದ್ದು 2014ರ ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗೂ ಪೆಟ್ರೋಲ್ ಕಾರಿಗೆ ಡೀಸೆಲ್ ಎಂಜಿನ್ ಕೂರಿಸೋದು ಲಾಭದ ಲೆಕ್ಕವೇ ಆಗಿತ್ತು.

ಪುಣೆಯ ಆಕುರ್ಡಿ ಕಡೆ ಇರೋ ಗೆಳೆಯರೇ, ನಿಮ್ಮ ಪಕ್ಕದಲ್ಲೇ ಬಜಾಜ್ ಟೆಂಪೊ ಕಂಪನಿ ಮೆಟಡಾರ್ ಅನ್ನೋ ವ್ಯಾನ್ ಮಾಡ್ತಿತ್ತು. ಆ ಮೆಟಡಾರಿನ ಡೀಸೆಲ್ ಎಂಜಿನ್ ಅಂಬಾಸಿಡರ್ ಹೊಟ್ಟೆಗೆ ಹೋಗ್ತಿತ್ತು, ಜೀಪಿನ ಹೊಟ್ಟೆಗೂ ಹೋಗ್ತಿತ್ತು. ಮದುವೆ ದಿಬ್ಬಣಕ್ಕೆ ಬರ್ತಿದ್ದ ಬಾಡಿಗೆ ಅಂಬಾಸಿಡರ್ ಯಾಕೆ ಅಷ್ಟೊಂದು ಗಡಗಡ ಅಂತಿತ್ತು ಅಂದ್ರೆ ಇದೇ ಕಾರಣ. ಎಂಜಿನ್ ಮೌಂಟಿಂಗ್ ಬ್ರಾಕೆಟ್ಟನ್ನ ಊರಿನ ಲೇತ್ ಅಂಗಡಿಯಲ್ಲೇ ಮಾಡಿಸ್ತಿದ್ರು. ಡೀಸೆಲ್ ಎಂಜಿನ್ ಭಾರ ಜಾಸ್ತಿ. ಮುಂದಿನ ಸಸ್ಪೆನ್ಷನ್ ಗಟ್ಟಿ ಮಾಡಬೇಕು, ಬ್ರೇಕ್ ನೋಡ್ಕೋಬೇಕು. ಎಲ್ರೂ ಅದನ್ನ ಸರಿಯಾಗಿ ಮಾಡ್ತಿದ್ರು ಅಂತ ನಾನು ಹೇಳಲ್ಲ. ಭಾರ ಹೆಚ್ಚಿಸಿ ಬ್ರೇಕ್ ಹಾಗೇ ಬಿಟ್ಟ ಗಾಡಿಗಳೂ ಇದ್ದವು. ಕಾನೂನಿನ ಮಾತು ಬಂದಾಗ ಇದನ್ನ ನೆನಪಿಡಿ.

ಕಂಪನಿಗಳೂ ತಡವಾಗಿ ಅದೇ ದಾರಿ ಹಿಡಿದವು. ಅಂಬಾಸಿಡರ್‌ಗೆ 1980ರ ಸುಮಾರಿಗೆ ಕಂಪನಿಯದೇ ಡೀಸೆಲ್ ಬಂತು. 1990ರ ದಶಕದ ಮೊದಲಲ್ಲಿ ಜಪಾನಿನ ಇಸುಜು 1.8 ಲೀಟರ್ ಪೆಟ್ರೋಲ್ ಎಂಜಿನ್ ಐದು ಗೇರಿನ ಜತೆ ಬಂತು. ಪದ್ಮಿನಿಗೂ ಕೊನೆಗಾಲದಲ್ಲಿ 137ಡಿ ಅನ್ನೋ ಹೆಸರಲ್ಲಿ ಇಟಲಿಯ ಡೀಸೆಲ್ ಎಂಜಿನ್ ಹಾಕಿದರು. ಹಳೇ ದೇಹಕ್ಕೆ ಬೇರೆ ದೇಶದ ಎಂಜಿನ್. ಮಿಸ್ತ್ರಿ ಮಾಡಿದ್ರೆ ಜುಗಾಡ್, ಕಂಪನಿ ಮಾಡಿದ್ರೆ ಹೊಸ ಮಾಡೆಲ್.

ಶೋಲಾವರಂ ರನ್‌ವೇ

ಹಾಗಾದ್ರೆ ವೇಗಕ್ಕಾಗಿ ಬದಲಾಯಿಸಿದವರು ಇರಲಿಲ್ವಾ? ಇದ್ರು. ಚೆನ್ನೈನವರು ಮನೆಯ ಹಿರಿಯರನ್ನ ಕೇಳಿ ನೋಡಿ. ಊರಿನ ಉತ್ತರಕ್ಕೆ ಶೋಲಾವರಂನಲ್ಲಿ ಎರಡನೇ ಮಹಾಯುದ್ಧದ ಕಾಲದ ಒಂದು ವಿಮಾನದ ರನ್‌ವೇ ಇತ್ತು. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಅಲ್ಲಿ ದಶಕಗಳ ಕಾಲ ರೇಸ್ ನಡೆಸಿತು. ವಿದೇಶಿ ರೇಸ್ ಕಾರುಗಳ ಪಕ್ಕದಲ್ಲೇ ನಮ್ಮ ಫಿಯಟ್, ಹೆರಾಲ್ಡ್, ಅಂಬಾಸಿಡರ್ ಓಡ್ತಿದ್ದವು. ಸೀಟು ಕಿತ್ತು ಭಾರ ಇಳಿಸೋದು, ಹೆಡ್ ತಳ ತುಸು ಕೆತ್ತಿ ಕಂಪ್ರೆಷನ್ ಹೆಚ್ಚಿಸೋದು, ಕಾರ್ಬ್ಯುರೇಟರ್ ಹೆಚ್ಚಿಸೋದು. ರೇಸ್ ಕಾರಿನ ಬಿಡಿಭಾಗ ಆಮದು ಮಾಡ್ಕೊಳ್ಳೋದು ದುಬಾರಿ, ಕಷ್ಟ. ಇಲ್ಲಿ ಸಿಗೋದರಲ್ಲೇ ಮಾಡಬೇಕಿತ್ತು.

ಕೊಯಮತ್ತೂರಿನ ಎಸ್. ಕರಿವರ್ಧನ್ ಈ ಸಾಲಿನ ದೊಡ್ಡ ಹೆಸರು. 1980ರ ದಶಕದ ಕೊನೆಯಲ್ಲಿ ಅವರು ಮಾರುತಿ 800ರ 796 ಸಿಸಿ ಎಂಜಿನ್ ಇಟ್ಕೊಂಡು ಒಂಟಿ ಸೀಟಿನ ರೇಸ್ ಕಾರು ಕಟ್ಟಿದರು. ಅದೇ ಫಾರ್ಮುಲಾ ಮಾರುತಿ. ಮುಂದೆ ಫಾರ್ಮುಲಾ ಒನ್ ಓಡಿಸಿದ ನಾರಾಯಣ್ ಕಾರ್ತಿಕೇಯನ್ ಕಲಿತಿದ್ದು ಇಂಥ ಕಾರಿನಲ್ಲೇ. ಅಂಗಡಿಗೆ ಸಾಮಾನು ತರೋ ಕಾರಿನ ಎಂಜಿನ್ ಒಬ್ಬ ಹುಡುಗನನ್ನ ಅಲ್ಲಿಯವರೆಗೂ ಕರ್ಕೊಂಡು ಹೋಯ್ತು. 1990ರಲ್ಲಿ ಶ್ರೀಪೆರಂಬದೂರು ಹತ್ತಿರ ಇರುಂಗಾಟ್ಟುಕೋಟೈ ಟ್ರ್ಯಾಕ್ ಶುರುವಾಯ್ತು, ಶೋಲಾವರಂ ಸುಮ್ಮನಾಯ್ತು. ಕರಿವರ್ಧನ್ 1995ರಲ್ಲಿ ಪುಟ್ಟ ವಿಮಾನದ ಅಪಘಾತದಲ್ಲಿ ತೀರ್ಕೊಂಡರು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಅವರ ಹೆಸರಿನದು.

1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ ಇನ್ನೊಂದು ಕೆಲಸವನ್ನೂ ಮಾಡ್ತು. ಕೆಡದೇ ಓಡೋ ಕಾರು ಮೊದಲ ಸಲ ಮಧ್ಯಮ ವರ್ಗದ ಕೈಗೆ ಸಿಕ್ಕಿತು. ಬಾನೆಟ್ ಎತ್ತೋ ಅಭ್ಯಾಸ ನಿಧಾನಕ್ಕೆ ತಪ್ಪಿತು. ಮನೆ ಮೆಕ್ಯಾನಿಕ್ ಆಗಿರೋದು ಅನಿವಾರ್ಯತೆಯಿಂದ ಹವ್ಯಾಸಕ್ಕೆ ಜಾರಿದ್ದು ಆಗಲೇ.

ಮಾವ ಎಂಜಿನ್ ಬದಲಾಯಿಸಿದ ವರ್ಷ

1985ರಲ್ಲಿ ಪ್ರೀಮಿಯರ್ ಕಂಪನಿ 118 ಎನ್‌ಇ ಅನ್ನೋ ಹೊಸ ಕಾರು ತಂತು. ದೇಹ ಫಿಯಟ್ 124ರದು, ಎಂಜಿನ್ ನಿಸಾನ್ ಎ12, 1171 ಸಿಸಿ. ಎನ್‌ಇ ಅಂದ್ರೆ ನಿಸಾನ್ ಎಂಜಿನ್. ಈ ಕಾರುಗಳು ಗುಜರಿಗೆ ಬರೋಕೆ ಶುರುವಾದ ಮೇಲೆ ಪದ್ಮಿನಿ ಮಾಲೀಕರ ಕಣ್ಣು ಆ ಎಂಜಿನ್ ಮೇಲೆ ಬಿತ್ತು. ಅದೇ ಕಂಪನಿಯ ಎಂಜಿನ್, ಸುಮಾರು ಅದೇ ಗಾತ್ರ, ನಯವಾಗಿ ಓಡ್ತದೆ, ಬಾಳಿಕೆ ಜಾಸ್ತಿ.

ಮಾವನ ಡೈರಿಯಲ್ಲಿ 1996ರ ಮೇ ತಿಂಗಳು. ಹುಬ್ಬಳ್ಳಿಯ ಗುಜರಿಯಲ್ಲಿ ಅಪಘಾತವಾದ 118 ಎನ್‌ಇ ಸಿಕ್ಕಿತು. ಎಂಜಿನ್, ಗೇರ್‌ಬಾಕ್ಸ್ ಎರಡೂ ತಂದರು. ಊರಿನ ಮಿಸ್ತ್ರಿ, ಮಾವ, ಶಾಲೆಗೆ ರಜೆ ಇದ್ದ ಭಾವ. ಹನ್ನೊಂದು ದಿನ. ಬೇವಿನ ಮರದ ಕೊಂಬೆಗೆ ಚೈನ್ ಪುಲ್ಲಿ ಕಟ್ಟಿ ಹಳೇ ಎಂಜಿನ್ ಎತ್ತಿದರು. ಹೊಸದಕ್ಕೆ ಬ್ರಾಕೆಟ್, ಪ್ರೊಪೆಲ್ಲರ್ ಶಾಫ್ಟ್ ಉದ್ದ ಸರಿಮಾಡೋದು, ರೇಡಿಯೇಟರ್ ಪೈಪು. ಎಲ್ಲ ಮುಗಿದ ಮೇಲೆ ಆರ್‌ಟಿಒಗೆ ಹೋಗಿ, ಅನುಮತಿ ತಗೊಂಡು, ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ಬರೆಸಿದರು. ಡೈರಿಯಲ್ಲಿ ಆ ದಿನದ ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಮಾವ ಗೆರೆ ಎಳೆಯೋದು ಮನೆಯಲ್ಲಿ ಮಗು ಹುಟ್ಟಿದ ದಿನ, ಸಾಲ ತೀರಿದ ದಿನ ಮಾತ್ರ.

ಕಾನೂನು ಬದಲಾದ ಕಥೆ

ನಾಲ್ಕೇ ವರ್ಷದಲ್ಲಿ ಕಾಲ ಬದಲಾಯ್ತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ಗೆ 2000ದಲ್ಲಿ ತಿದ್ದುಪಡಿ ತಂದರು. ತಯಾರಕರು ಮೂಲದಲ್ಲಿ ಹೇಳಿದ ವಿವರಗಳಿಗೆ ಹೊರತಾಗಿ ಗಾಡಿಯನ್ನ ಬದಲಾಯಿಸೋ ಹಾಗಿಲ್ಲ ಅಂತ. ಎಂಜಿನ್ ಬದಲಾವಣೆಗೆ, ಸಿಎನ್‌ಜಿಯಂಥ ಇಂಧನ ಕಿಟ್‌ಗೆ ಷರತ್ತಿನ ಮೇಲೆ ದಾರಿ ಬಿಟ್ಟರು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು.

ದಿಲ್ಲಿಯವರಿಗೆ ಇನ್ನೊಂದು ಪೆಟ್ಟು. 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿ ಓಡಬಾರದು ಅಂತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡೀತು. ಮುಂಬೈಯಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ. ಕೊನೆಯ ಪದ್ಮಿನಿ ಕಾಲಿ ಪೀಲಿ ತಾರ್ದೇವ್ ಆರ್‌ಟಿಒದಲ್ಲಿ ನೋಂದಣಿಯಾಗಿದ್ದು 2003ರ ಅಕ್ಟೋಬರ್ 29ರಂದು. ಸರಿಯಾಗಿ 20 ವರ್ಷ ಆದ ಮೇಲೆ, 2023ರ ಅಕ್ಟೋಬರ್ ಕೊನೆಯಲ್ಲಿ, ಅದು ರಸ್ತೆ ಬಿಟ್ಟಿತು.

ನಾನು ಈ ಕಾನೂನುಗಳ ವಿರೋಧಿ ಅಲ್ಲ. ಭಾರದ ಎಂಜಿನ್ ಹಾಕಿ ಬ್ರೇಕ್ ಹಾಗೇ ಬಿಟ್ಟವರ ಮಾತು ಆಗಲೇ ಬಂತು. ಸೈಲೆನ್ಸರ್ ಕಿತ್ತು ರಾತ್ರಿ ಹನ್ನೆರಡಕ್ಕೆ ಅಪಾರ್ಟ್‌ಮೆಂಟ್ ಕೆಳಗೆ ಓಡಿಸೋರನ್ನ ನೀವೂ ಬೈದಿರ್ತೀರಿ, ನಾನೂ ಬೈದಿದ್ದೀನಿ. ದಿಲ್ಲಿಯ ನವೆಂಬರ್ ಗಾಳಿ ಕುಡಿದವರಿಗೆ ಹಳೇ ಗಾಡಿಯ ಮೇಲೆ ಪ್ರೀತಿ ಬರಬೇಕು ಅಂತ ಹೇಳೋಕೂ ಆಗಲ್ಲ.

ನನ್ನ ತಕರಾರು ಬೇರೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ಮಾಡ್ತು. 50 ವರ್ಷ ದಾಟಿರಬೇಕು. ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ. ಸಿಕ್ಕಿದ ಮೇಲೂ ದಿನನಿತ್ಯ ಓಡಿಸೋ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ಇಂಥದಕ್ಕೆ ಮಾತ್ರ. ಅಂದ್ರೆ ನಿಯಮದ ಕಣ್ಣಲ್ಲಿ ಚರಿತ್ರೆ ಅಂದ್ರೆ ಕಾರ್ಖಾನೆಯಿಂದ ಹೊರಬಂದ ದಿನ. ಆಮೇಲಿನ ನಲವತ್ತೈದು ವರ್ಷ, ಬೇವಿನ ಮರದ ಹನ್ನೊಂದು ದಿನ, ಲೆಕ್ಕಕ್ಕಿಲ್ಲ.

ಗೋಣಿಚೀಲದ ಕೆಳಗಿನ ಎಂಜಿನ್

2029ಕ್ಕೆ ಮಾವನ ಗಾಡಿಗೆ 50. ಹಾಗಾಗಿ ನನ್ನ ಪ್ಲಾನ್ ಸರಳವಾಗಿತ್ತು. ಒರಿಜಿನಲ್ 1089 ಎಂಜಿನ್ ರಿಪೇರಿ ಮಾಡಿ ವಾಪಸ್ ಕೂರಿಸೋದು. ಮೊದಲು ಕಾರ್ಬ್ಯುರೇಟರನ್ನ ಬ್ಯಾಗಿಗೆ ಹಾಕ್ಕೊಂಡು ರಾತ್ರಿ ಬಸ್ಸಲ್ಲಿ ಪುಣೆಗೆ ತಂದೆ. ಫ್ಲ್ಯಾಟಿನ ಬಾಲ್ಕನಿಯೇ ನನ್ನ ಗ್ಯಾರೇಜು. ಅಡುಗೆಮನೆ ಸಿಂಕ್‌ನಲ್ಲಿ ಅದನ್ನ ತೊಳೆದ ದಿನ ಮನೆಯಲ್ಲಿ ಏನಾಯ್ತು ಅನ್ನೋದು ಈ ಬರಹದ ವಸ್ತು ಅಲ್ಲ. ಜೂನಾ ಬಜಾರಿನಲ್ಲಿ ಎರಡು ಭಾನುವಾರ ಅಲೆದು ಕೆಲವು ಭಾಗ ಹುಡುಕಿದೆ. ಬೆಂಗಳೂರಿಗೆ ಹೋದಾಗ ಜೆಸಿ ರೋಡಿನಲ್ಲಿ ಗ್ಯಾಸ್ಕೆಟ್ ಸೆಟ್ ಸಿಕ್ಕಿತು. ಚೆನ್ನೈನ ಗೆಳೆಯ ಪುದುಪೇಟೆಯಿಂದ ವಾಟರ್ ಪಂಪ್ ಕಳಿಸಿದ.

ದೀಪಾವಳಿ ರಜೆಯಲ್ಲಿ ಎಂಜಿನ್ ಬಿಚ್ಚಿದ್ವಿ. ಮಾವ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಕೂತಿದ್ರು, ನಾನು ಪಾನಾ ಹಿಡಿದಿದ್ದೆ. ಹೆಡ್ ತೆಗೆದು ಪಿಸ್ಟನ್ ಮೇಲಿನ ಮಸಿ ಕೆರೆದೆ. ಅಲ್ಲಿ 0.6 ಅಂತ ಒತ್ತಿದ ಗುರುತು ಕಾಣಿಸ್ತು.

ಸಿಲಿಂಡರ್ ಸವೆದಾಗ ಅದನ್ನ ಬೋರಿಂಗ್ ಮಾಡಿ ಅಗಲಿಸಿ ದಪ್ಪ ಪಿಸ್ಟನ್ ಹಾಕ್ತಾರೆ. 0.6 ಅಂದ್ರೆ ಮೂಲಕ್ಕಿಂತ 0.6 ಮಿಲಿಮೀಟರ್ ದೊಡ್ಡದು. ವರ್ನಿಯರ್ ಹಿಡಿದು ಅಳೆದೆ. ಬೋರ್ 68.6. ಫೋನಿನ ಕ್ಯಾಲ್ಕ್ಯುಲೇಟರ್ ತೆಗೆದು ಲೆಕ್ಕ ಹಾಕಿದೆ. 68.6ರ ಬೋರ್, 75ರ ಸ್ಟ್ರೋಕ್, ನಾಲ್ಕು ಸಿಲಿಂಡರ್: 1109 ಸಿಸಿ. ಕಾರ್ಖಾನೆಯ 1089 ಅದರಲ್ಲಿ ಇರಲೇ ಇಲ್ಲ. ಡೈರಿ ತಿರುವಿ ನೋಡಿದ್ರೆ 1988 ಮತ್ತು 1993, ಎರಡು ಸಲ ಬೋರಿಂಗ್. ಕ್ರ್ಯಾಂಕ್ ಕೂಡ ಕೆತ್ತಿಸಿ ಬೇರಿಂಗ್ ಬದಲಾಯಿಸಿದ್ದಾರೆ. ಟೈಮಿಂಗ್ ಚೈನ್ ಬೇರೆದು, ಕಾರ್ಬ್ಯುರೇಟರಿನ ಜೆಟ್ ಬೇರೆದು.

ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಒರಿಜಿನಲ್ ಅಂತ ನಾನು ಹಟ ಹಿಡಿದಿದ್ದ ವಸ್ತುವೇ ಮಾವ ಮತ್ತು ಮಿಸ್ತ್ರಿ ಹದಿಮೂರು ವರ್ಷ ತಿದ್ದಿ ತಿದ್ದಿ ಉಳಿಸಿದ್ದು. "ಮೊದಲ ಯಾಕ ಹೇಳಲಿಲ್ರಿ ಮಾವ?" ಅಂದೆ. "ನೀ ಕೇಳಿದ್ದು ಎಂಜಿನ್ ಐತೋ ಇಲ್ಲೋ ಅಂತ. ಐತಿ ಅಂದ್ನಿ. ಹೆಂಗೈತಿ ಅಂತ ನೀ ಎಲ್ಲಿ ಕೇಳಿದಿ?" ಅಂದ್ರು.

ಇನ್ನೊಂದು ಸಂಗತಿಯೂ ಅವತ್ತೇ ಗೊತ್ತಾಯ್ತು. ಓಡ್ತಿರೋ ನಿಸಾನ್ ಎಂಜಿನ್ನಿಗೆ ಹೋಗೋ ಪೆಟ್ರೋಲ್ ರಬ್ಬರ್ ಪೈಪು ಬೆರಳಿಟ್ಟರೆ ಅಂಟಂಟು. ಈಗಿನ ಪೆಟ್ರೋಲಿನಲ್ಲಿ 20 ಶೇಕಡ ಎಥನಾಲ್ ಇರ್ತದೆ. ಹಳೇ ರಬ್ಬರಿಗೆ ಅದು ಆಗಿಬರಲ್ಲ. ಉಬ್ಬಿ, ಮೆತ್ತಗಾಗಿ, ಸೋರ್ತದೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರಿದ್ರೆ ಏನಾಗ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಮನೆಯಲ್ಲಿ ಹಳೇ ಕಾರು ಇರೋರು ಈ ಒಂದು ಮಾತು ಕೇಳಿ: ಪೈಪು, ಪಂಪಿನ ಡಯಾಫ್ರಂ, ಕಾರ್ಬ್ಯುರೇಟರಿನ ಗ್ಯಾಸ್ಕೆಟ್ ಎಲ್ಲ ಎಥನಾಲ್ ತಡೆಯೋ ರಬ್ಬರಿಗೆ ಬದಲಾಯಿಸಿ. ಎಥನಾಲ್ ನೀರನ್ನ ಹೀರ್ಕೊಳ್ತದೆ, ಹಾಗಾಗಿ ತಿಂಗಳುಗಟ್ಟಲೆ ನಿಲ್ಲಿಸೋ ಗಾಡಿಯ ಟ್ಯಾಂಕ್ ತುಕ್ಕು ಹಿಡೀತದೆ. ಮಿಶ್ರಣವೂ ಸ್ವಲ್ಪ ಸಪ್ಪೆಯಾಗ್ತದೆ, ಅಂದ್ರೆ ಗಾಳಿ ಜಾಸ್ತಿ, ಇಂಧನ ಕಡಿಮೆ. ಅದಕ್ಕೆ ಒಂದು ಸೈಜ್ ದೊಡ್ಡ ಜೆಟ್ ಬೇಕಾಗಬಹುದು. ಹಳೇ ಕಾರನ್ನ ಇವತ್ತು ಕಾರ್ಖಾನೆಯಿಂದ ಬಂದ ಹಾಗೇ ಇಟ್ಕೊಂಡ್ರೆ ಅದು ಸುರಕ್ಷಿತವಾಗಿ ಓಡೋದೇ ಕಷ್ಟ.

ಕೊನೆಗೆ ಏನು ಮಾಡಿದ್ವಿ

ಪೈಪು, ಡಯಾಫ್ರಂ ಬದಲಾಯಿಸಿದ್ವಿ. ಬ್ರೇಕ್ ಲೈನಿಂಗ್ ಹೊಸದು. ಐಡಲ್ ಮಿಕ್ಸ್ಚರ್ ಸ್ಕ್ರೂ ಕಾಲು ಸುತ್ತು, ಕಾಲು ಸುತ್ತು ತಿರುಗಿಸ್ತಾ ಹೊಗೆ ಪರೀಕ್ಷೆಗೆ ಹೊಂದಿಸಿದೆ. ಈ ಕಾಲದ ಗಾಡಿಗೆ ಕಾರ್ಬನ್ ಮಾನಾಕ್ಸೈಡ್ ಮಿತಿ 3 ಶೇಕಡ, ಹೈಡ್ರೋಕಾರ್ಬನ್ 1500 ಪಿಪಿಎಂ. ಮೊದಲ ಸಲ ಫೇಲ್. ತಪ್ಪು ನಂದೇ, ಏರ್ ಫಿಲ್ಟರ್ ನೋಡದೆ ಹೋಗಿದ್ದೆ. ಎರಡನೇ ಸಲ ಪಾಸ್. ಎಂಜಿನ್ ನಂಬರ್ ಆರ್‌ಸಿಗೆ ಸರಿಹೊಂದ್ತು, ಯಾಕಂದ್ರೆ 1996ರಲ್ಲಿ ಮಾವ ಆ ಕಾಗದದ ಕೆಲಸ ನೆಟ್ಟಗೆ ಮಾಡಿಸಿದ್ರು. ಐದು ವರ್ಷಕ್ಕೆ ನವೀಕರಣ ಸಿಕ್ಕಿತು. ಶುಲ್ಕ, ತೆರಿಗೆ ನೋಡಿ ಭಾವ ಹಣೆ ಚಚ್ಕೊಂಡ. ಆಮೇಲೆ ಅವನೇ ಗಾಡಿ ತೊಳೆದ.

ವಿಂಟೇಜ್ ಆಸೆ ಬಿಟ್ಟೆ. ಬಿಡೋದು ಸುಲಭ ಇರಲಿಲ್ಲ. ಈ ಗಾಡಿಗೆ ಮುಂದೆ ಆ ಕಾಗದ ಸಿಗಲ್ಲ. ಐದು ವರ್ಷದ ಮೇಲೆ ನಿಯಮ ಏನಿರ್ತದೋ, ಮಾವ ಎಲ್ಲಿರ್ತಾರೋ, ಯಾವುದೂ ನಮ್ಮ ಕೈಲಿಲ್ಲ. ಆದ್ರೆ ಗಾಡಿ ಈಗ ವಾರಕ್ಕೆರಡು ಸಲ ಹೊಲಕ್ಕೆ ಹೋಗಿ ಬರ್ತದೆ. ಹಳೇ ಎಂಜಿನ್ ಜೋಡಿಸಿ, ಸಿಲಿಂಡರಿಗೆ ಎಣ್ಣೆ ಬಿಟ್ಟು, ಮತ್ತೆ ಗೋಣಿಚೀಲ ಹೊದಿಸಿದ್ವಿ. ತಿಂಗಳಿಗೊಮ್ಮೆ ಕೈಯಲ್ಲಿ ತಿರುಗಿಸೋ ಕೆಲಸ ಭಾವನ ಮಗಳದು.

ನಾನು ಮಾಡಿದ ಇನ್ನೊಂದು ಕೆಲಸ, ಡೈರಿಗಳ ಗಾಡಿ ಪುಟಗಳನ್ನೆಲ್ಲ ಫೋಟೊ ತೆಗೆದು ತಾರೀಕಿನ ಪ್ರಕಾರ ಜೋಡಿಸಿದ್ದು. ಕುರ್ಲಾ ಕಾರ್ಖಾನೆಯ ಕಡತಗಳು ಎಲ್ಲಾದರೂ ಇದ್ದಾವು. ಊರೂರಿನ ಅಂಗಳದಲ್ಲಿ ನಡೆದ ಕೆಲಸದ ಕಡತ ಇರೋದು ಇಂಥ ಡೈರಿಗಳಲ್ಲಿ, ಮಿಸ್ತ್ರಿಗಳ ನೆನಪಿನಲ್ಲಿ ಮಾತ್ರ. ಮಾವನ ಮಿಸ್ತ್ರಿ ತೀರ್ಕೊಂಡು ಆರು ವರ್ಷ ಆಯ್ತು. ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಕತ್ತರಿಸಿದ್ರು ಅನ್ನೋದು ಡೈರಿಯಲ್ಲಿಲ್ಲ. ಕೇಳೋಕೆ ಯಾರೂ ಉಳಿದಿಲ್ಲ.

ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ಅಪ್ಪನನ್ನೋ, ಮಾವನನ್ನೋ, ದೊಡ್ಡಪ್ಪನನ್ನೋ ಕೂರಿಸ್ಕೊಂಡು ಅವರ ಗಾಡಿಗೆ ಏನೇನು ಮಾಡಿದ್ರು ಅಂತ ಕೇಳಿ. ಫೋನ್ ರೆಕಾರ್ಡಿಂಗ್ ಆನ್ ಮಾಡಿ. ಲಾಂಬ್ರೆಟ್ಟಾ ಆದ್ರೂ ಸರಿ, ಲೂನಾ ಆದ್ರೂ ಸರಿ. ನಾನು ಮಾಡಿದ ತಪ್ಪು ಮಾಡಬೇಡಿ, 'ಇದೆಯಾ' ಅಂತಷ್ಟೇ ಕೇಳಬೇಡಿ. 'ಹೇಗಿದೆ' ಅಂತ ಕೇಳಿ.

ಮುಂದಿನ ಸಂಚಿಕೆಯಲ್ಲಿ ಮೈಸೂರಿನ ಜಾವಾ, ಯೆಜ್ಡಿ ಕಥೆ ತರ್ತೀನಿ. ಅಲ್ಲಿಯವರೆಗೆ ನಮಸ್ಕಾರ.